ಕಟ್ಟು ಚೆಲ್ಲಬೇಡಿ

ಅಡುಗೆಮನೆಯಲ್ಲಿ ಹೆಂಗಸರು ಆಡುವುದು ಕನ್ನಡವೇ ಹೌದೇ ಎಂದು ನನಗೆ ಇವತ್ತಿಗೂ ಅನುಮಾನ. ಪದಗಳೆಲ್ಲ ನಮ್ಮವೇ, ಅರ್ಥ ಮಾತ್ರ ಬೇರೆ. 'ಒಂದು ಕುದಿ ಬಂದಮೇಲೆ ಇಳಿಸಿ' ಎನ್ನುತ್ತಾರೆ. ಪಾತ್ರೆಯ ತುಂಬ ತಕಪಕ ಕುದಿಯುತ್ತಿರುವಾಗ ಅದರಲ್ಲಿ ಆ ಒಂದು ಕುದಿ ಯಾವುದೆಂದು ಯಾರನ್ನು ಕೇಳುವುದು? 'ಹಸಿ ವಾಸನೆ ಹೋಗೋ ತನಕ ಹುರೀರಿ' ಎನ್ನುತ್ತಾರೆ. ಅದು ಬಂದದ್ದೇ ತಿಳಿಯದವನಿಗೆ ಹೋದದ್ದು ಹೇಗೆ ತಿಳಿಯಬೇಕು? ನಾನೇನು ದಡ್ಡನಲ್ಲ. ದೇವನಹಳ್ಳಿಯಲ್ಲಿ ಸರ್ಕಾರಿ ಗುಮಾಸ್ತ. 'ಸದರಿ', 'ಮೇಲ್ಕಂಡ', 'ಯಥಾಪ್ರಕಾರ'ಗಳ ನಡುವೆ ಅಡಗಿ ಕೂತ ಅರ್ಥವನ್ನು ಕಿವಿ ಹಿಡಿದು ಹೊರಗೆಳೆಯುವುದೇ ನನ್ನ ಕಸುಬು. ಅಂಥವನನ್ನು ಎರಡಕ್ಷರದ ಒಂದು ಮಾತು ಅಂಗಾತ ಕೆಡವಿಬಿಟ್ಟಿತು.

ಅರವತ್ತರ ದಶಕದ ಕೊನೆಯಿರಬೇಕು. ದೀಪಾವಳಿ ಕಳೆದು ಸ್ವಾತಿ ಮಳೆ ಸೋನೆ ಹಿಡಿದಿತ್ತು. ಬಿಸಿಬಿಸಿಯಾಗಿ ಉಂಡು, ಕಂಬಳಿ ಹೊದ್ದು, ಟ್ರಾನ್ಸಿಸ್ಟರು ಕೇಳುತ್ತ ಬಿದ್ದಿರಬೇಕಾದ ಭಾನುವಾರ. ಆದರೆ ನನ್ನ ಹೆಂಡತಿ ಜಯಮ್ಮ ಜ್ವರ ಬಂದು ಮಲಗಿದ್ದಳು. ಜ್ವರವೇನೋ ಬಿಟ್ಟಿತ್ತು, ಬಾಯಿ ಮಾತ್ರ ಕೆಟ್ಟು ಕೂತಿತ್ತು. ಗಂಜಿ ಕಂಡರೆ ಮುಖ ತಿರುಗಿಸುತ್ತಿದ್ದಳು. ಬ್ರೆಡ್ಡನ್ನು ಮೂಸಿ ಪಕ್ಕಕ್ಕಿಟ್ಟಳು. 'ಇನ್ನು ನನ್ನ ಔಷಧಿ ಬೇಡ, ಹೊಟ್ಟೆಗೆ ಅನ್ನ ಹೋಗಬೇಕು' ಎಂದು ಡಾಕ್ಟರು ಹೇಳಿ ಹೋದಮೇಲೆ ನನಗೆ ನಿಜವಾಗಿಯೂ ಭಯವಾಗಿತ್ತು. ಅಂಥವಳು ಆ ಬೆಳಿಗ್ಗೆ ತಾನಾಗಿಯೇ, "ರೀ, ಒಂಚೂರು ಬಸ್ಸಾರು, ಮುದ್ದೆ ಇದ್ದಿದ್ರೆ ನಾಲ್ಕು ತುತ್ತು ಉಣ್ತಿದ್ದೆ ಕಣ್ರೀ" ಎಂದಳು. ನನಗೆ ಕಣ್ಣಲ್ಲಿ ನೀರೇ ಬಂತು.

ಆಗ ಪಕ್ಕದ ಮನೆಯ ಮುನಿಯಮ್ಮಜ್ಜಿ ಹಿತ್ತಲ ಬಾಗಿಲಲ್ಲಿ ನಿಂತಿತ್ತು. ನಮ್ಮ ಮನೆಯಲ್ಲಿ ಅಕ್ಕಿ ತೊಳೆದ ನೀರು, ಗಂಜಿ, ಅಳಿದುಳಿದದ್ದೆಲ್ಲ ಸೇರಿದ ಕಲಗಚ್ಚನ್ನು ತನ್ನ ಹಸುವಿಗೆಂದು ದಿನವೂ ಒಯ್ಯುತ್ತಿತ್ತು. "ನಾನ್ ಮಾಡ್ಕೊಡ್ತೀನಿ ಬುಡಪ್ಪಾ. ಗಂಡಸ್ರಿಗೆಲ್ಲಿ ಬತ್ತೈತೆ ಬಸ್ಸಾರು" ಎಂದಿತು. ಅಷ್ಟು ಹೇಳಿ ಸುಮ್ಮನಿದ್ದಿದ್ದರೆ ಒಪ್ಪುತ್ತಿದ್ದೆನೋ ಏನೋ. ಜೊತೆಗೆ ನಕ್ಕೂ ಬಿಟ್ಟಿತು. "ನಾನೇ ಮಾಡ್ತೀನಿ ಕಣಜ್ಜಿ" ಅಂದುಬಿಟ್ಟೆ. "ಆಯ್ತಪ್ಪಾ, ಕಲಗಚ್ಚಿಗೆ ಆಮೇಲ್ ಬತ್ತೀನಿ" ಎಂದು ಅಜ್ಜಿ ಹೊರಟಿತು.

ಬಸ್ಸಾರಿನ ವಿಷಯದಲ್ಲಿ ನನ್ನ ಪಾಂಡಿತ್ಯ ಎಷ್ಟಿತ್ತೆಂದು ಇಲ್ಲಿ ಹೇಳಲೇಬೇಕು. ಚಿಕ್ಕಂದಿನಲ್ಲಿ ಆವತಿಯಿಂದ ನಮ್ಮ ಸೋದರತ್ತೆ ಬಂದಾಗಲೆಲ್ಲ ಹಿಡಿಯಿದ್ದ ತೂಕುಪಾತ್ರೆಯಲ್ಲಿ ಈ ಸಾರು ತರುತ್ತಿದ್ದಳು, ಬಸ್ಸಿನಲ್ಲಿ ಬರುತ್ತಿದ್ದಳು. ಬಸ್ಸಿನಲ್ಲಿ ಬರುವ ಸಾರಾದ್ದರಿಂದ ಬಸ್ಸಾರು ಎಂದು ನಾನು ಬಹಳ ಕಾಲ ನಂಬಿದ್ದೆ. ಹಾಗಾದರೆ ಬಸ್ಸು ಬರುವ ಮೊದಲು ನಮ್ಮ ಹಿರಿಯರು ಏನು ಉಣ್ಣುತ್ತಿದ್ದರು ಎಂಬ ಯೋಚನೆ ಬಂದದ್ದು ಮೀಸೆ ಬಂದಮೇಲೆ.

ಅಡುಗೆ ಶುರುವಾಯಿತು. ಜಯಮ್ಮ ನಡುಮನೆಯಲ್ಲಿ ಮಲಗಿಕೊಂಡೇ ಅಪ್ಪಣೆ ಕೊಡುವುದು, ನಾನು ಒಲೆ ಊದುತ್ತ ಪಾಲಿಸುವುದು. ಸಂತೆಯಿಂದ ದಂಟಿನ ಸೊಪ್ಪು ಎರಡು ಕಟ್ಟು ತಂದಿದ್ದೆ. ಒಂದು ಕಟ್ಟು ಬಿಚ್ಚಿ, ಹೆಚ್ಚಿ, ನೆನೆಸಿಟ್ಟ ಅಲಸಂದೆ ಕಾಳಿನ ಜೊತೆ ಬೇಯಲು ಹಾಕಿದೆ. ಒಳಗಿನಿಂದ ದನಿ ಬಂತು: "ಬೆಂದ್ಮೇಲೆ ಬಸೀರಿ. ಕಟ್ಟು ಮಾತ್ರ ಚೆಲ್ಬೇಡಿ, ಹುಷಾರಾಗಿ ಮುಚ್ಚಿಡಿ. ಎಲ್ಲಾ ಅದ್ರಲ್ಲೇ ಇರೋದು!"

ಉಳಿದ ಕಟ್ಟಿನ ಮೇಲೆ ಇವಳಿಗೇಕೆ ಇಷ್ಟು ಮಮತೆ ಎಂದು ತಿಳಿಯಲಿಲ್ಲ. ನಾಳೆಗೆ ಬೇಕೇನೋ, ಜ್ವರದಲ್ಲೂ ಸಂಸಾರದ ಯೋಚನೆ ಬಿಟ್ಟಿಲ್ಲವಲ್ಲ ಎಂದು ಮೆಚ್ಚಿಕೊಂಡೆ. ಆ ಕಟ್ಟಿಗೆ ನೀರು ಚಿಮುಕಿಸಿ, ಬುಟ್ಟಿಯಲ್ಲಿಟ್ಟು, ಒದ್ದೆ ಬಟ್ಟೆ ಹೊದಿಸಿ, ತಟ್ಟೆ ಮುಚ್ಚಿ, ಬೆಕ್ಕು ಬಂದೀತೆಂದು ಮೇಲೊಂದು ಕಲ್ಲನ್ನೂ ಹೇರಿದೆ. ಬೆಕ್ಕು ದಂಟಿನ ಸೊಪ್ಪು ತಿನ್ನುವುದಿಲ್ಲ ಎಂಬುದು ಆಗ ಹೊಳೆಯಲಿಲ್ಲ. ಆಮೇಲೆ ಸೊಪ್ಪು, ಕಾಳನ್ನು ಬಸಿದು, ಆ ಕಪ್ಪು ನೀರನ್ನು ಕಲಗಚ್ಚಿನ ಮಡಕೆಗೆ ಸುರಿದೆ. ಸ್ವಲ್ಪ ಹೊತ್ತಿಗೆಲ್ಲ ಮುನಿಯಮ್ಮಜ್ಜಿ ಬಂದು ಕೊಂಡೊಯ್ದಿತು.

"ಕಟ್ಟು ಮುಚ್ಚಿಟ್ರಾ?"

"ಭದ್ರವಾಗಿ ಇಟ್ಟಿದೀನಿ ಕಣೇ."

"ಸರಿ, ಖಾರ ರುಬ್ಕೊಂಡು, ಬಿಸಿ ಆರೋದ್ರೊಳಗೆ ಅದನ್ನ ಬೆರೆಸಿ."

ನಾನು ಕಲ್ಲಿಳಿಸಿ, ಬಟ್ಟೆ ಸರಿಸಿ, ಕಟ್ಟನ್ನು ಮುಟ್ಟಿ ನೋಡಿದೆ. "ಬಿಸಿ ಇಲ್ವಲ್ಲೇ, ತಣ್ಣಗಿದೆ."

"ಆಗ್ಲೇ ಆರೋಯ್ತಾ? ಇರ್ಲಿ, ಹಾಗೇ ಸುರೀರಿ."

"ದಾರ ಬಿಚ್ಚಿ ಸುರೀಲಾ, ದಾರದ ಸಮೇತಾನಾ?"

ನಡುಮನೆಯಲ್ಲಿ ಬಳೆಯ ಸದ್ದಾಯಿತು. ಎದ್ದು ಕೂರಲೂ ಆಗದಿದ್ದವಳು ಗೋಡೆ ಹಿಡಿದುಕೊಂಡು ಬಂದು ಬಾಗಿಲಲ್ಲಿ ನಿಂತಳು. ಬುಟ್ಟಿಯಲ್ಲಿ ಬಟ್ಟೆ ಹೊದ್ದು ಮಲಗಿದ್ದ ಸೊಪ್ಪನ್ನು ನೋಡಿದಳು, ನನ್ನನ್ನು ನೋಡಿದಳು. "ಬಸಿದ ನೀರೆಲ್ರೀ?"

"ಅಜ್ಜಿ ಹಸುವಿಗೆ ತಗೊಂಡೋಯ್ತು."

"ಅಯ್ಯೋ, ಅದೇ ಕಣ್ರೀ ಕಟ್ಟು! ಅದೇ ಸಾರು!"

ಹಾಗೆಂದವಳೇ ಕುಸಿದು ಕೂತಳು. ಹೆಗಲು ಅಲುಗುತ್ತಿತ್ತು. ಅಳುತ್ತಿದ್ದಾಳೆಂದು ನನ್ನ ಎದೆ ಒಡೆದೇಹೋಯಿತು. ಹಸಿದವಳು ಬಾಯಿಬಿಟ್ಟು ಕೇಳಿದ ನಾಲ್ಕು ತುತ್ತನ್ನು ಹಸುವಿಗೆ ಕುಡಿಸಿದ್ದೆನಲ್ಲ! ಹತ್ತಿರ ಹೋಗಿ ನೋಡಿದರೆ, ನಗುತ್ತಿದ್ದಾಳೆ! ಹೊಟ್ಟೆ ಹಿಡಿದುಕೊಂಡು, ಕೆಮ್ಮಿಕೊಂಡು, ನಡುವೆ "ದಾರದ ಸಮೇತಾನಾ" ಎಂದುಕೊಂಡು ನಗುತ್ತಿದ್ದಾಳೆ. ಅವಳು ನಕ್ಕು ಎಷ್ಟೋ ದಿನವಾಗಿತ್ತು. ನಾನೂ ನಗಬಹುದೋ, ಕ್ಷಮೆ ಕೇಳಬೇಕೋ ತಿಳಿಯದೆ ಸೌಟು ಹಿಡಿದು ನಿಂತೆ.

"ಹೋಗ್ಲಿ, ಆ ಕಟ್ಟು ಬಿಚ್ಚಿ ಈ ಕಟ್ಟು ಮಾಡಿ" ಎಂದಳು. ಮಣೆಯ ಮೇಲೆ ಗೋಡೆಗೊರಗಿ ಅವಳು ಕೂತಳು. ನಾನು ಉಳಿದ ಸೊಪ್ಪನ್ನು ಬೇಯಿಸಿ ಬಸಿದು, ಬೆಂದ ಕಾಳು ಒಂದು ಹಿಡಿ ಸೇರಿಸಿ ಖಾರ ರುಬ್ಬಿ, ಕುದಿಸಿ, ಮುದ್ದೆಯನ್ನೂ ತಿರುವಿದೆ. ಕಟ್ಟು ಹೋದದ್ದು ಸಾಲದೆಂದು ಮುದ್ದೆಯಲ್ಲಿ ಗಂಟು ಬಂತು. ಜಯಮ್ಮ ಗಂಟುಗಳನ್ನು ಮೆಲ್ಲಗೆ ತಟ್ಟೆಯಂಚಿಗೆ ಸರಿಸುತ್ತ ಉಂಡಳು. "ಹೇಗಿದೆ?" ಎಂದೆ. "ನೀರ್ ನೀರಾಗಿದೆ. ಇನ್ನೊಂದ್ ಸೌಟು ಹಾಕಿ" ಎಂದಳು. ನನಗೆ ಅಷ್ಟು ಸಂತೋಷ ಬಡ್ತಿ ಸಿಕ್ಕಾಗಲೂ ಆಗಿಲ್ಲ. ಆ ಧೈರ್ಯದಲ್ಲಿ, "ನಾನು ಆ ಕಟ್ಟನ್ನ ಅಷ್ಟು ಭದ್ರವಾಗಿ ಇಡದಿದ್ರೆ ಈ ಕಟ್ಟು ಎಲ್ಲಿಂದ ಬರ್ತಿತ್ತು?" ಎಂದು ವಾದವನ್ನೂ ಹೂಡಿದೆ. ಅವಳು ಉಣ್ಣುತ್ತಲೇ ಇದ್ದಳು.

ಮುಂದಿನ ಭಾನುವಾರ ಜಯಮ್ಮ ಚೆನ್ನಾಗಿ ಚೇತರಿಸಿಕೊಂಡು ಒಲೆಯ ಮುಂದಿದ್ದಳು. ಹಿತ್ತಲ ಬಾಗಿಲಲ್ಲಿ ಮುನಿಯಮ್ಮಜ್ಜಿ ಇಣುಕಿತು. "ಏನಪ್ಪಾ, ಈ ವಾರ ನೀನು ಅಡ್ಗೆ ಮಾಡಕಿಲ್ವಾ? ಅವತ್ತು ನಮ್ ಹಸ ಬಾನಿ ನೆಕ್ಕಿ ನೆಕ್ಕಿ ಕುಡೀತು. ಅವತ್ನಿಂದ ಜಯಮ್ಮನ ಕಲಗಚ್ಚು ಮಡಗುದ್ರೆ ಮೊಕ ತಿರುಗಿಸ್ತೈತೆ."

ಜಯಮ್ಮ ಸೌಟು ಹಿಡಿದೇ ನನ್ನತ್ತ ತಿರುಗಿದಳು. ನಾನು ತಲೆ ತಗ್ಗಿಸಿದೆ. ಆದರೂ ಒಳಗೊಳಗೇ ಹೆಮ್ಮೆಯಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಜಯಮ್ಮನ ಕೈರುಚಿಗಿಂತ ನನ್ನದೇ ಮೇಲು ಎಂದ ಜೀವ ಈ ಲೋಕದಲ್ಲಿ ಅದೊಂದೇ.