ಬಾಲಿಗೆ ಹೋದ ಖಡಕ್ ರೊಟ್ಟಿ

ಗೊಬ್ಬರ, ಬೀಜ, ಔಷಧಿ ಮಾರುವವನ ಬದುಕಿನಲ್ಲಿ ನಗುವಂಥದ್ದು ಏನಿರುತ್ತದೆ ಎಂದು ಕೇಳುವವರು ಸಿಂದಗಿಯ ನನ್ನ ಅಂಗಡಿ ಕಟ್ಟೆಯ ಮೇಲೆ ಒಂದು ತಾಸು ಕೂತು ನೋಡಬೇಕು. ಹತ್ತಿಗೆಂದು ಒಯ್ದ ಔಷಧಿಯನ್ನು ತಿಗಣೆಗೆ ಹೊಡೆದು, ತಿಗಣೆ ಸಾಯಲಿಲ್ಲ, ಹಾಸಿಗೆಯ ಬಣ್ಣ ಮಾತ್ರ ಹೋಯಿತು ಎಂದು ಜಗಳಕ್ಕೆ ಬಂದವರಿದ್ದಾರೆ. ದಿನಕ್ಕೊಂದಾದರೂ ಇಂಥದ್ದು ನನಗೆ ಗಂಟು ಬೀಳುತ್ತದೆ. ಊರಲ್ಲೇ ಹೀಗಿರುವಾಗ ನಮ್ಮಂಥ ನಾಲ್ವರನ್ನು ವಿಮಾನ ಹತ್ತಿಸಿ ಸಮುದ್ರದಾಚೆ ಬಿಟ್ಟರೆ ಸುಮ್ಮನಿರುತ್ತದೆಯೇ?

ಅದು ಮೊಬೈಲು ನಮ್ಮ ಕಡೆ ಆಗಷ್ಟೇ ಕಾಲಿಡುತ್ತಿದ್ದ ಕಾಲ. ಒಂದು ಕಂಪನಿಯವರು ಸೂಕ್ಷ್ಮ ಪೋಷಕಾಂಶದ ಪಾಕೀಟು ಬಿಟ್ಟಿದ್ದರು. ಜಿಂಕು, ಬೋರಾನು ಅಂತ ಬೆಳೆಗೆ ಚೂರೇ ಚೂರು ಬೇಕಾಗುವ ಸಾಮಾನು. ನಮ್ಮ ಬಾಯಲ್ಲಿ ಅದು ಬರೀ ‘ಸೂಕ್ಷ್ಮ’. ಹೆಚ್ಚು ಸೂಕ್ಷ್ಮ ಮಾರಿದವರಿಗೆ ಗುಡಿಗಳ ದ್ವೀಪ ಬಾಲಿಗೆ ಎಂಟು ದಿನದ ಪ್ರವಾಸ ಎಂದರು. ಆರಿಸಿ ಬಂದವರು ನಾಲ್ವರು: ಇಂಡಿ ತಾಲೂಕಿನವನೊಬ್ಬ, ಮುದ್ದೇಬಿಹಾಳದವನೊಬ್ಬ, ಸಿಂದಗಿಯ ನಾನು, ಮತ್ತು ಬಸವನ ಬಾಗೇವಾಡಿ ತಾಲೂಕಿನಿಂದ ನಮ್ಮೆಲ್ಲರಿಗೂ ಹಿರಿಯರಾದ ಮನಗೂಳಿ ಕಾಕಾ.

ಎಂಟು ದಿನದ ಬುತ್ತಿ

ಕಾಕಾ ಹೊರಗಿನ ಅನ್ನ ಮುಟ್ಟುವವರಲ್ಲ. ಒಂದು ದಿನಕ್ಕೆ ಬಿಜಾಪುರಕ್ಕೆ ಹೋದರೂ ಮನೆಯ ರೊಟ್ಟಿ ಕಟ್ಟಿಕೊಂಡೇ ಹೋಗಬೇಕು. ಹಾಗಂತ ಆ ರೊಟ್ಟಿಯ ಮೇಲೆ ಪ್ರೀತಿ ಇದೆ ಅಂದುಕೊಳ್ಳಬೇಡಿ. ದಿನಾ ಹೆಸರಿಡುತ್ತಿದ್ದರು. ಇವತ್ತು ದಪ್ಪ, ನಾಳೆ ಕರಕಲು, ನಾಡಿದ್ದು ದುಂಡಗಿಲ್ಲ.

ಬಸ್‌ಸ್ಟ್ಯಾಂಡಿಗೆ ಚಿಗವ್ವ, ಅಂದರೆ ಕಾಕಾನ ಹೆಂಡತಿ, ಒಂದು ದೊಡ್ಡ ಚೀಲ ಹೊತ್ತು ಬಂದಿದ್ದಳು. ಎಂಟು ದಿನಕ್ಕಾಗುವಷ್ಟು ಖಡಕ್ ಜೋಳದ ರೊಟ್ಟಿ, ಶೇಂಗಾ ಹಿಂಡಿ ಎನ್ನುವ ಚಟ್ನಿಪುಡಿ, ಕಾರೆಳ್ಳು ಪುಡಿ. ನನ್ನನ್ನು ಬದಿಗೆ ಕರೆದು ಹೇಳಿದಳು:

“ಮೂವತ್ತೆರಡು ವರ್ಷ ಆತು ತಮ್ಮಾ, ಒಮ್ಮೆರ ಛಲೋ ಆಗ್ಯಾವ ಅಂದಿಲ್ಲ. ಈಗ ನೋಡಿದ್ರ ಇವನ್ನ ಬಿಟ್ಟು ಬ್ಯಾರೆ ಏನೂ ತಿನ್ನಂಗಿಲ್ಲ ಅಂತಾರ. ಬಿಪಿ ಗುಳಿಗಿ ಉಂಡಮ್ಯಾಲೆ ತಗೋಬೇಕು. ಉಪಾಸ ಕೆಡವಬ್ಯಾಡ, ನಿನ್ನ ಜವಾಬ್ದಾರಿ.”

ನಾನು ಆಗಲಿ ಎಂದೆ. ಅಷ್ಟರಲ್ಲಿ ಕಾಕಾ ಒಂದು ರೊಟ್ಟಿ ತೆಗೆದು ಬೆಳಕಿಗೆ ಹಿಡಿದು ನೋಡಿ, ಅಂಚು ಸೀದೈತಿ ಎಂದರು. ಬಸ್ಸು ಬಿಟ್ಟಿತು.

ಒಂದು ಅಕ್ಷರದ ದೇಶ

ಬಾಲಿಯ ವಿಮಾನ ನಿಲ್ದಾಣದಲ್ಲಿ ಚೀಲ ಬಿಚ್ಚಿಸಿದರು. ಇಂಡಿಯವನ ಚೀಲದಲ್ಲಿ ಅವನ ತೋಟದ ಎರಡು ಡಜನ್ ನಿಂಬೆಹಣ್ಣು. ವಾಂತಿಗೂ ಆಯಿತು, ದೃಷ್ಟಿಗೂ ಆಯಿತು ಎಂದು ತಂದಿದ್ದ. ಹಣ್ಣು ಒಳಗೆ ಬಿಡುವುದಿಲ್ಲ ಎಂದು ಅಧಿಕಾರಿ ಎಲ್ಲವನ್ನೂ ತೆಗೆದಿಟ್ಟ. ಮುಂದೆ ಕಾಕಾನ ಚೀಲ. ಇಲ್ಲಿ ರೊಟ್ಟಿ ಹೋದರೆ ಚಿಗವ್ವನಿಗೆ ಏನು ಹೇಳಲಿ? ಇದೇನು ಎಂದು ಅಧಿಕಾರಿ ಕೈಸನ್ನೆ ಮಾಡಿದ. ಕಾಕಾ ಗಟ್ಟಿಯಾಗಿ “ರೊಟ್ಟಿ” ಅಂದರು. ಅವನು “ರೋಟಿ?” ಅಂದ. ಅವರ ಭಾಷೆಯಲ್ಲೂ ಅದೇ ಶಬ್ದವಂತೆ. ಒಂದನ್ನು ಬೆರಳಿನಿಂದ ತಟ್ಟಿ, ಹಲಗೆಯಂತೆ ಸದ್ದಾದದ್ದಕ್ಕೆ ಆಶ್ಚರ್ಯಪಟ್ಟು, ಹೋಗಿ ಎಂದ.

ಇಂಡಿಯವನ ಗ್ರಹಚಾರ ಇನ್ನೂ ಮುಗಿದಿರಲಿಲ್ಲ. ಅರ್ಜಿಯಲ್ಲಿ ದೇಶ ಎಂಬಲ್ಲಿ ಇಂಗ್ಲಿಷಿನಲ್ಲಿ ‘ಇಂಡಿ’ ಎಂದು ಬರೆದಿದ್ದ. ಅಧಿಕಾರಿ ನಕ್ಕು, ಕೊನೆಗೊಂದು ‘ಎ’ ಸೇರಿಸಿ ಠಸ್ಸೆ ಹೊಡೆದ. ನಿಂಬೆಹಣ್ಣಿನ ದುಃಖವೆಲ್ಲ ಇವನಿಗೆ ಅಲ್ಲೇ ಮರೆತುಹೋಯಿತು. ಎಂಟು ದಿನವೂ ನನ್ನ ಜೀವ ತಿಂದ. “ನಮ್ಮ ತಾಲೂಕಿಗೆ ಒಂದ ಅಕ್ಷರ ಕೂಡಿಸಿದ್ರ ದೇಶ ಆಗತೈತಿ. ನಿಮ್ಮ ಸಿಂದಗಿಗೆ ಎಷ್ಟ ಕೂಡಿಸಿದ್ರೂ ಅದು ಸಿಂದಗೀನ.”

ಅಪ್ಪಾ, ಖಬರ?

ನಮಗೆ ಗೊತ್ತುಮಾಡಿದ್ದ ವ್ಯಾನಿನ ಡ್ರೈವರ್ ಪಕ್ಕದ ದ್ವೀಪದ ಮುಸಲ್ಮಾನ. ನಮ್ಮನ್ನು ಕಂಡ ಕೂಡಲೇ “ಅಪಾ ಕಬರ್?” ಎಂದು ಕೈ ಚಾಚಿದ. ಹೇಗಿದ್ದೀರಿ ಎಂದು ಕೇಳುವ ಅವರ ಮಾತು. ಕಾಕಾನ ಕಿವಿಗೆ ಬಿದ್ದದ್ದು “ಅಪ್ಪಾ, ಖಬರ?” ಎಂದು. ಪರದೇಶದಲ್ಲಿ ಇಷ್ಟು ಅಕ್ಕರೆಯಿಂದ ನಮ್ಮ ಭಾಷೆಯಲ್ಲೇ ಸುದ್ದಿ ಕೇಳುವವನು ಸಿಕ್ಕ ಮೇಲೆ ಬಿಡುತ್ತಾರೆಯೇ? ಮನಗೂಳಿಯಲ್ಲಿ ಹಿಂಗಾರಿ ಹೇಗಾಯಿತು, ತೊಗರಿಗೆ ಯಾವ ಹುಳ ಬಿತ್ತು, ಕೊನೆಯ ಮಗಳಿಗೆ ಎಲ್ಲಿಂದ ಸಂಬಂಧ ಬಂದಿದೆ, ಎಲ್ಲವನ್ನೂ ಹೋಟೆಲ್ ಮುಟ್ಟುವವರೆಗೆ ಹೇಳಿದರು. ಅವನು ತಲೆಯಾಡಿಸುತ್ತ ಗಾಡಿ ಓಡಿಸಿದ.

ದಾರಿಯಲ್ಲಿ ಒಂದು ದೊಡ್ಡ ಸರ್ಕಲ್ಲಿನಲ್ಲಿ ಘಟೋತ್ಕಚನ ಮೂರ್ತಿ. ಡ್ರೈವರ್ ಗಾಡಿ ನಿಧಾನ ಮಾಡಿ, ಇದು ನಮ್ಮ ಮಹಾಭಾರತದ ಕಥೆ, ಭೀಮನ ಮಗ ಎಂದು ತನಗೆ ಬರುವ ಇಂಗ್ಲಿಷಿನಲ್ಲಿ ವಿವರಿಸಿದ. ಕೊನೆಗೆ ಬಹಳ ವಿನಯದಿಂದ, ನಿಮ್ಮ ದೇಶದಲ್ಲಿಯೂ ಈ ಕಥೆ ಯಾರಿಗಾದರೂ ಗೊತ್ತೇ ಎಂದು ಕೇಳಿದ. ನಾನು ಅದನ್ನು ಕನ್ನಡಕ್ಕೆ ತಿರುಗಿಸಿ ಹೇಳಿದೆ. ಕಾಕಾ “ಸ್ವಲ್ಪ ಸ್ವಲ್ಪ ಕೇಳೇವಿ ಅಂತ ಹೇಳು, ಪಾಪ ಬೇಜಾರಾದಾನು” ಎಂದರು.

ಸೂಕ್ಷ್ಮದ ವಿಚಾರ

ಹೋಟೆಲಿನಲ್ಲಿ ಚೀಲ ಹೊತ್ತು ತಂದವನಿಗೆ ಮುದ್ದೇಬಿಹಾಳದವನು ಭಕ್ಷೀಸು ಕೊಟ್ಟ. ಆತ ಕೈ ಮುಗಿದು “ಸುಕ್ಷ್ಮ” ಎಂದ. ಮುದ್ದೇಬಿಹಾಳದವನ ಮುಖ ಸಣ್ಣದಾಯಿತು. ನೀರು ತಂದವಳು ಗ್ಲಾಸು ಇಟ್ಟು, ನಾವು ನಕ್ಕಿದ್ದಕ್ಕೆ “ಸುಕ್ಷ್ಮ” ಅಂದಳು. ಬಾಗಿಲು ತೆಗೆದವನೂ ಸುಕ್ಷ್ಮ, ಎಳನೀರು ಕೆತ್ತಿಕೊಟ್ಟವನೂ ಸುಕ್ಷ್ಮ. ಕಂಪನಿಯವರು ಇಲ್ಲಿಗೂ ಹೇಳಿ ಕಳಿಸಿ ಪ್ರಚಾರ ಮಾಡಿಸುತ್ತಿದ್ದಾರೆ ಎಂದು ನಾನಂದೆ. ಮುದ್ದೇಬಿಹಾಳದವನು ಚೀಲ ಎತ್ತಿಕೊಂಡು ಕೋಣೆಗೆ ನಡೆದ. ಮರುದಿನ ಮುಂಜಾನೆ ಡ್ರೈವರನ ಬಾಯಲ್ಲೂ ಸುಕ್ಷ್ಮ ಬಂದಾಗ ತಡೆಯಲಾರದೆ, ಅದೇನೆಂದು ಕೇಳು ಎಂದು ನನ್ನನ್ನು ತಿವಿದ. ಕೇಳಿದರೆ, ಅದು ಬಾಲಿಯವರ ಮಾತಿನಲ್ಲಿ ಧನ್ಯವಾದ.

ಮುದ್ದೇಬಿಹಾಳದವನು ಉಸಿರು ಬಿಟ್ಟು ಸೀಟಿಗೊರಗಿದ. “ಹಂಗಾರ ನಮ್ಮ ಬೀಗರ ಮನ್ಯಾಗ ಮಂಚದ ಬುಡಕ ಇಟ್ಟ ಪಾಕೀಟಿನ ಸುದ್ದಿ ಇವರಿಗೆ ಗೊತ್ತಿಲ್ಲ” ಎಂದ. ಅವನು ಮಾರಿದ ಲೆಕ್ಕ ತೋರಿಸಿ ಪ್ರವಾಸ ಗೆದ್ದದ್ದು ಹೇಗೆ ಎಂಬುದು ನಮಗೂ ಗೊತ್ತಾದದ್ದು ಆಗಲೇ.

ಅಂಗಡಿ ಮುಂದಿನ ಮಾಟ

ಅವತ್ತು ಬಜಾರಿಗೆ ಹೋದೆವು. ಚೀನಿಯವರ ಅಂಗಡಿ, ಅದರ ಪಕ್ಕ ಬಟ್ಟೆಯಂಗಡಿ, ಎದುರಿಗೆ ಚರ್ಚು, ತಿರುವಿನಲ್ಲಿ ಮಸೀದಿ, ನಡುನಡುವೆ ಗುಡಿ. ನೋಡುತ್ತ ಹೋಗುತ್ತಿದ್ದವರು ಇಂಡಿಯವನು ತಟ್ಟನೆ ನಿಂತದ್ದಕ್ಕೆ ನಾವೂ ನಿಂತೆವು. ಫುಟ್‌ಪಾತಿನ ಮೇಲೆ ತೆಂಗಿನ ಗರಿಯ ಪುಟ್ಟ ಬುಟ್ಟಿ. ಅದರಲ್ಲಿ ಹೂ, ನಾಲ್ಕು ಅಗುಳು ಅನ್ನ, ಉರಿಯುವ ಊದಿನಕಡ್ಡಿ. ನಮ್ಮ ಕಡೆ ಮೂರು ದಾರಿ ಕೂಡುವಲ್ಲಿ ಇಂಥದ್ದು ಕಂಡರೆ ಏನರ್ಥ ಎಂದು ಹೇಳಬೇಕಿಲ್ಲ. ದಾಟಿದವನಿಗೆ ಹಿಡಿಯುತ್ತದೆ.

ಪಕ್ಕದ ಅಂಗಡಿಯ ಮುಂದೂ ಒಂದು, ಅದರಾಚೆಗೂ ಒಂದು. ಈ ಊರಿನಲ್ಲಿ ವ್ಯಾಪಾರದ ಪೈಪೋಟಿ ವಿಪರೀತ, ಒಬ್ಬರಿಗೊಬ್ಬರು ಮಾಟ ಮಾಡಿಕೊಂಡಿದ್ದಾರೆ ಎಂದು ಇಂಡಿಯವನು ತೀರ್ಮಾನಿಸಿದ. ಒಂದು ನಿಂಬೆಹಣ್ಣಾದರೂ ಉಳಿದಿದ್ದರೆ ಎಂದು ಹಳಹಳಿಸಿದ. ನಾಲ್ವರೂ ಫುಟ್‌ಪಾತು ಬಿಟ್ಟು ರಸ್ತೆಗಿಳಿದು ಸಾಲಾಗಿ ನಡೆದೆವು. ಮೋಟರ್‌ಸೈಕಲ್ಲಿನವರು ಹಾರ್ನು ಹೊಡೆದು ಹೊಡೆದು ಸುಸ್ತಾದರು. ಕೊನೆಗೆ ಡ್ರೈವರ್ ಹುಡುಕಿಕೊಂಡು ಬಂದು, ಅದು ದಿನಾ ಮುಂಜಾನೆ ದೇವರಿಗೆ ಇಡುವ ಎಡೆ ಎಂದು ತಿಳಿಸಿದ.

ಇಂಡಿಯವನಿಗೆ ಬಹಳ ನಾಚಿಕೆಯಾಯಿತು. ಹಿಂದಿರುಗುವಾಗ ಪ್ರತಿ ಬುಟ್ಟಿಗೂ ನಿಂತು ಕೈ ಮುಗಿದ. ಊಟಕ್ಕೆ ಒಂದೂವರೆ ತಾಸು ತಡವಾಯಿತು.

ಬಿಳಿ ಧೋತರ

ಅಲ್ಲಿಯ ಗುಡಿಗಳಿಗೆ ಪ್ಯಾಂಟಿನಲ್ಲಿ ಬಿಡುವುದಿಲ್ಲ. ಬಾಗಿಲಲ್ಲೇ ಒಂದು ಲುಂಗಿ ಸುತ್ತಿ, ಸೊಂಟಕ್ಕೆ ಪಟ್ಟಿ ಕಟ್ಟುತ್ತಾರೆ. ನಾವು ಮೂವರೂ ಪ್ಯಾಂಟಿನ ಮೇಲೆ ಹೂವಿನ ಲುಂಗಿ ಸುತ್ತಿಸಿಕೊಂಡು ನಿಂತೆವು. ಬಿಳಿ ಧೋತರ, ಬಿಳಿ ಅಂಗಿ, ಬಿಳಿ ಟೋಪಿ, ಹಣೆ ತುಂಬ ವಿಭೂತಿ ಧರಿಸಿದ್ದ ಕಾಕಾನನ್ನು ಮಾತ್ರ ಅವರು ಬಗ್ಗಿ ನಮಸ್ಕರಿಸಿ ಹಾಗೇ ಒಳಗೆ ಬಿಟ್ಟರು. ಅಲ್ಲಿಯ ಪೂಜಾರಿಗಳೂ ಅಡಿಯಿಂದ ಮುಡಿಯವರೆಗೆ ಬಿಳಿಯೇ ಉಡುವವರು. ಇವರು ಭಾರತದಿಂದ ಬಂದ ದೊಡ್ಡ ಪೂಜಾರಿ ಎಂದು ಸುದ್ದಿಯಾಯಿತು. ಒಬ್ಬ ಮುದುಕಿ ಮೊಮ್ಮಗಳನ್ನು ತಂದು ಮುಂದೆ ನಿಲ್ಲಿಸಿದಳು. ಕಾಕಾ ಗಾಬರಿಯಾಗಿ, ನಾ ಗೊಬ್ಬರ ಮಾರಾಂವ ಎಂದು ಕನ್ನಡದಲ್ಲಿ ಹೇಳಿದರು. ಅದನ್ನೇ ಮಂತ್ರವೆಂದು ತಿಳಿದು ಅಜ್ಜಿ ಮೊಮ್ಮಗಳ ತಲೆ ಬಾಗಿಸಿದಳು. ಆಗ ತೆಗೆದ ಫೋಟೋದಲ್ಲಿ ಆ ಹುಡುಗಿ ನಗುತ್ತಿದ್ದಾಳೆ, ಕಾಕಾ ಬೆವರುತ್ತಿದ್ದಾರೆ.

ಮೆತ್ತಗಾದ ರೊಟ್ಟಿ

ನಾಲ್ಕನೆಯ ದಿನ ಕಾಕಾ ನನ್ನನ್ನು ಕೋಣೆಗೆ ಕರೆದು ಚೀಲ ತೋರಿಸಿದರು. ಮುರಿದರೆ ಟಪ್ಪೆನ್ನಬೇಕಾದ ರೊಟ್ಟಿ ಸಮುದ್ರದ ಗಾಳಿಗೆ ಥಂಡಿ ಹಿಡಿದು ಕರವಸ್ತ್ರದಂತೆ ಮಡಚಿಕೊಳ್ಳುತ್ತಿತ್ತು. ಇನ್ನೊಂದು ದಿನ ಹೀಗೇ ಇದ್ದರೆ ಬೂಜು ಬರುವುದು ಖರೆ. ಹೋಟೆಲಿನ ‘ರೋಟಿ’ ಎಂದರೆ ಬ್ರೆಡ್ಡು. ಅದನ್ನು ಕಾಕಾ ಮೂಸಿಯೂ ನೋಡಿರಲಿಲ್ಲ. ಎಳನೀರು ಕುಡಿದು ನಾಲ್ಕು ದಿನ ತೆಗೆಯುತ್ತೇನೆ ಎಂದರು. ಬಿಪಿ ಗುಳಿಗೆಯ ಗತಿ ಏನು? ನನಗೆ ಚಿಗವ್ವನ ಮುಖ ಕಣ್ಣ ಮುಂದೆ ಬಂದು ನಿಜವಾಗಿಯೂ ಹೆದರಿಕೆಯಾಯಿತು.

ಬಿಸಿಲಿಗೆ ಒಣಹಾಕೋಣ ಎಂದೆ. ಹೋಟೆಲಿನ ತೋಟದ ಮೂಲೆಯಲ್ಲಿ ಮೊಣಕಾಲೆತ್ತರದ ಸ್ವಚ್ಛ ಕಲ್ಲಿನ ಕಟ್ಟೆಯಿತ್ತು. ಬಿಸಿಲು ಚುರುಚುರು ಬೀಳುತ್ತಿತ್ತು. ಕಾಕಾನ ಒಗೆದ ಧೋತರ ಹಾಸಿ, ರೊಟ್ಟಿಗಳನ್ನು ಸಾಲಾಗಿ ಹರವಿ, ಮೇಲಿನ ವರಾಂಡದಲ್ಲಿ ಕಾವಲು ಕೂತೆವು. ಹನ್ನೊಂದರ ಹೊತ್ತಿಗೆ ಇಳಿದು ಹೋಗಿ ಒಂದನ್ನು ಮುರಿದು ನೋಡಿದೆ. ಟಪ್ಪೆಂದಿತು. ಗೆದ್ದೆವು ಎಂದು ಮೇಲೆ ಬಂದು ಕೂತೆ.

ಆಗ ಹೋಟೆಲಿನಲ್ಲಿ ದಿನಾ ಎಡೆ ಇಡುವ ಹೆಂಗಸು ತಟ್ಟೆ ಹಿಡಿದು ಬಂದಳು. ನಾವು ರೊಟ್ಟಿ ಹರವಿದ ಕಟ್ಟೆಯೇ ಅವಳು ಎಡೆ ಇಡುವ ಜಾಗ. ರೊಟ್ಟಿಯ ಸಾಲು ಕಂಡು ನಿಂತಳು. ತಲೆಯೆತ್ತಿ ಬಿಳಿ ಧೋತರದ ಕಾಕಾನನ್ನು ನೋಡಿದಳು. ಭಾರತದ ಪೂಜಾರಿ ತನ್ನ ದೇಶದ ನೈವೇದ್ಯವನ್ನು ನಮ್ಮ ದೇವರ ಕಟ್ಟೆಗೆ ತಂದಿಟ್ಟಿದ್ದಾನೆ ಎಂದು ಅವಳಿಗೆ ಅನಿಸಿತು. ಚಪ್ಪಲಿ ಬಿಟ್ಟಳು. ಒಂದೊಂದು ರೊಟ್ಟಿಯ ಮೇಲೂ ಒಂದೊಂದು ಹೂವಿಟ್ಟಳು. ಊದಿನಕಡ್ಡಿ ಹಚ್ಚಿದಳು. ಆಮೇಲೆ ಚೊಂಬಿನಲ್ಲಿ ಹೂ ಅದ್ದಿ, ನಾವು ಬೇಡ ಬೇಡ ಎಂದು ಕೈ ಬೀಸುತ್ತಿರುವಂತೆಯೇ, ಮೂರು ತಾಸು ಒಣಗಿಸಿದ ರೊಟ್ಟಿಯ ಮೇಲೆ ಧಾರಾಳವಾಗಿ ತೀರ್ಥ ಸಿಂಪಡಿಸಿದಳು. ನಮ್ಮ ಕೈಬೀಸನ್ನು ಆಶೀರ್ವಾದವೆಂದು ತಿಳಿದು ಇನ್ನೊಂದು ಸುತ್ತು ಸಿಂಪಡಿಸಿದಳು.

ಕಾಕಾ ಬೈಯುತ್ತಾರೆ ಎಂದುಕೊಂಡೆ. ಅವರು ಇಳಿದು ಹೋಗಿ ಅವಳ ಪಕ್ಕ ನಿಂತು ಕೈ ಮುಗಿದರು. “ಪೂಜಿ ಆತಂದ್ರ ಪ್ರಸಾದ. ಪ್ರಸಾದ ಒಬ್ಬನ ತಿನ್ನಬಾರದು” ಎಂದರು. ಹಿಂಡಿಯ ಡಬ್ಬಿ ತರಿಸಿ, ಬಾಗಿಲು ಕಾಯುವವನಿಂದ ಹಿಡಿದು ನಮ್ಮ ಡ್ರೈವರನವರೆಗೆ ಎಲ್ಲರಿಗೂ ಹಂಚಿದರು. ಎಲ್ಲರೂ ಖಾರಕ್ಕೆ ಕಣ್ಣೊರೆಸಿಕೊಳ್ಳುತ್ತ ಸುಕ್ಷ್ಮ, ಸುಕ್ಷ್ಮ ಎಂದರು. ಚೀಲ ಖಾಲಿಯಾಯಿತು.

ಮರುದಿನ ಕಾಕಾ ಉಣ್ಣುವುದು ಏನು ಎಂದು ನಾನು ತಲೆ ಕೆಡಿಸಿಕೊಂಡಿದ್ದರೆ, ಆ ಹೆಂಗಸು ತನ್ನ ಮನೆಯಿಂದ ಬಾಳೆಯೆಲೆಯಲ್ಲಿ ಅನ್ನ, ಬೇಯಿಸಿದ ಸೊಪ್ಪು, ಕೊಬ್ಬರಿ ಕಟ್ಟಿಕೊಂಡು ಬಂದಳು. ಕಾಕಾನ ಊಟದ ಪದ್ಧತಿಯನ್ನು ಡ್ರೈವರ್ ಅವಳಿಗೆ ಹೇಳಿದ್ದ. ಕಾಕಾ ಎಲೆ ಬಿಚ್ಚಿ, ಇದು ಹೋಟೆಲಿನದಲ್ಲ, ಮನೆಯ ಊಟ ಎಂದು ತಮಗೆ ತಾವೇ ಹೇಳಿಕೊಂಡು ಉಂಡರು. ಊರಿಗೆ ಹೊರಡುವವರೆಗೂ ದಿನಾ ಉಂಡರು, ಗುಳಿಗೆಯನ್ನೂ ನುಂಗಿದರು. ಒಂದು ದಿನವೂ ಹೆಸರಿಡಲಿಲ್ಲ.

ಊರಿಗೆ ಬಂದ ಮೇಲೆ ಚಿಗವ್ವನಿಗೆ ಲೆಕ್ಕ ಒಪ್ಪಿಸಲು ಮನಗೂಳಿಗೆ ಹೋದೆ. ಕಾಕಾ ಊಟಕ್ಕೆ ಕೂತಿದ್ದರು. ರೊಟ್ಟಿ ಸಾಕಾದವೋ ಇಲ್ಲವೋ ಎಂದು ಅವಳು ಕೇಳಿದಳು. ಹೂವಿಟ್ಟದ್ದು, ಊದಿನಕಡ್ಡಿ ಹಚ್ಚಿದ್ದು, ತೀರ್ಥ ಹಾಕಿದ್ದು ಎಲ್ಲವನ್ನೂ ಹೇಳಿಬಿಟ್ಟೆ. ಅವಳು ಎದ್ದು ಹೋಗಿ, ಹಿತ್ತಲಿಂದ ಒಂದು ದಾಸವಾಳ ಕಿತ್ತು ತಂದು, ಕಾಕಾನ ತಾಟಿನಲ್ಲಿದ್ದ ರೊಟ್ಟಿಯ ಮೇಲೆ ಇಟ್ಟಳು.

“ಕೈ ಮುಗದು ತಿನ್ರಿ” ಎಂದಳು.

ಕಾಕಾ ನನ್ನನ್ನೊಮ್ಮೆ ನೋಡಿದರು, ರೊಟ್ಟಿಯನ್ನೊಮ್ಮೆ ನೋಡಿದರು. ಆಮೇಲೆ ತಲೆ ತಗ್ಗಿಸಿ, ಮೆಲ್ಲಗೆ “ಸುಕ್ಷ್ಮ” ಎಂದರು.

ಏನಂದರು ಎಂದು ಚಿಗವ್ವ ನನ್ನನ್ನು ಕೇಳಿದಳು. ಆ ದೇಶದಲ್ಲಿ ಉಪಕಾರ ನೆನೆಯುವಾಗ ಹಾಗೆನ್ನುತ್ತಾರೆ ಎಂದೆ. ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಬೆವರೋ, ಕಣ್ಣೀರೋ, ನನಗೆ ಗೊತ್ತಾಗಲಿಲ್ಲ.

“ಮೂವತ್ತೆರಡು ವರ್ಷಕ್ಕ ಒಂದ ಛಲೋ ಮಾತು ಬಂತು ತಮ್ಮಾ” ಎಂದಳು. “ಅದನ್ನೂ ನನಗ ತಿಳಿಲಾರದ ಭಾಷಾದಾಗ ಹೇಳ್ಯಾರ ನೋಡು.”