ಮಾಮನ ರಬ್ಬರ್ ಹಲ್ಲು

ಮುಖ ನೋಡಿ ಮಾತಾಡುವವರ ನಡುವೆ ಹಲ್ಲು ನೋಡಿ ಮಾತಾಡುವವನೊಬ್ಬನಿದ್ದರೆ, ಅವನು ನನ್ನ ಸೋದರಮಾವ. ಹುಮನಾಬಾದಿನ ಬಜಾರಿನಲ್ಲಿ ಟೇಲರ್. ಆಗ ನಾನಿನ್ನೂ ಕಾಲೇಜು ಹುಡುಗ. ಅವನು ಕೊಡಿಸಿದ ರಬ್ಬರಿನ ಹಲ್ಲುಕವಚ ಹಿಡಿದು ಬಸವಕಲ್ಯಾಣಕ್ಕೆ ಕಬಡ್ಡಿ ಆಡಲು ಹೊರಟ ದಿನ ಏನೇನು ಕೆಡಬಹುದಿತ್ತು! ಅದನ್ನು ನುಂಗಿಬಿಡಬಹುದಿತ್ತು. ಅಂಗುಳಿಗೆ ಅಂಟಿ, ಮುಂದೆ ಅದರ ಸಮೇತ ಹೆಣ್ಣು ನೋಡಲು ಹೋಗಬೇಕಾಗಬಹುದಿತ್ತು. ಎದುರಾಳಿಯ ಮೊಣಕಾಲಿಗೆ ಕಚ್ಚಿಕೊಂಡು ಅವನ ಜೊತೆಗೇ ಹೋಗಬಹುದಿತ್ತು. ಬಸ್ಸಿನಲ್ಲಿ ಇಷ್ಟನ್ನೂ ಚಿಂತಿಸಿ ಮುಗಿಸಿದ್ದೆ. ಈಗಲೂ ಬೀಗ ಹಾಕಿ, ಓಣಿಯ ತುದಿಯಿಂದ ತಿರುಗಿ ಬಂದು ಎಳೆದು ನೋಡುವ ಮನುಷ್ಯ ನಾನು.

ನಾನು ತಂಡ ಸೇರಿದ ಸುದ್ದಿ ಕೇಳಿದ ದಿನವೇ ಮಾಮ, ಅಂಗಡಿಯಲ್ಲಿ ಎಲ್ಲರೆದುರು, ಟೇಪು ಹಿಡಿದು ನನ್ನ ಬಾಯಿಯ ಅಳತೆ ತೆಗೆದ.

"ಏನ್ರಿ ಮಾಸ್ತರ್, ಬಾಯಿಗಿ ಕಿಸೆ ಇಡಾಕತ್ತೀರೇನು?" ಎಂದರು ಕೋಟು ಹೊಲಿಸಲು ಬಂದಿದ್ದ ಗಿರಾಕಿ.

ಬಟ್ಟೆ ತರಲು ಹೈದರಾಬಾದಿಗೆ ಹೋದಾಗ ಮಾಮ ಆಟದ ಸಾಮಾನಿನ ಅಂಗಡಿಯವನ ತಲೆ ತಿಂದನಂತೆ. ಅಲ್ಲಿ ಎರಡು ಬಗೆ: ಇದ್ದ ಹಾಗೇ ಬಾಯಿಗಿಡುವಂಥದು, ಬಿಸಿನೀರಲ್ಲಿ ಮೆತ್ತಗಾಗಿಸಿ ಕಚ್ಚಿ ಹಲ್ಲಿನ ಅಚ್ಚು ಮೂಡಿಸಿಕೊಳ್ಳುವಂಥದು. "ರೆಡಿಮೇಡ್ ಅಂಗೀನೇ ಒಪ್ಪಂಗಿಲ್ಲ ನಾ, ರೆಡಿಮೇಡ್ ಹಲ್ಲು ತರ್ತೀನೇನು?" ಎಂದು ಎರಡನೆಯದನ್ನು ತಂದ.

ಅತ್ತಿ ನೀರು ಕಾಯಿಸಿದಳು. ಟ್ರಾಯಲ್ ನೋಡದೆ ಏನನ್ನೂ ಕೊಡುವವನಲ್ಲ ಮಾಮ. ಮೆತ್ತಗಾದ ಕವಚವನ್ನು ತನ್ನ ಬಾಯಿಗೇ ಇಟ್ಟು, ಎಂದಿನಂತೆ ಹೆಗಲ ಟವಲ್ ಅಡ್ಡ ಹಿಡಿದು, ಕಚ್ಚಿದ. ತೆಗೆಯುವಷ್ಟರಲ್ಲಿ ಅದು ಗಟ್ಟಿಯಾಗಿತ್ತು.

"ಇನ್ನೊಮ್ಮೆ ಕಾಸೂಣು ಮಾಮಾ."

"ಎರಡನೇ ಸಲ ಕಾಸಿದ್ರ ಕುಗ್ಗತದಂತ. ನಮ್ಮ ಮನಿತನದಾಗ ಎಲ್ಲಾರ ಹಲ್ಲೂ ಒಂದೇ ಅಳತಿ ಅಳಿಯಾ, ಹಾಕ್ಕೋ."

"ಅವನ ಹಲ್ಲು ಅವರಪ್ಪಂದು," ಎಂದಳು ಅತ್ತಿ ಒಳಗಿನಿಂದ.

ಹಾಕಿಕೊಂಡೆ. ಮುಂದಿನ ಹಲ್ಲಿಗೆ ಏನೋ ಉಬ್ಬು ಒತ್ತುತ್ತಿತ್ತು.

ಆಮೇಲೆ ಅದರ ಆರೈಕೆ. ತಣ್ಣೀರಲ್ಲಿ ಬ್ರಷ್ಷಿನಿಂದ ತೊಳೆಯಬೇಕು, ಬಿಸಿಲು ತಾಗಿಸಬಾರದು, ಗಾಳಿಯಾಡುವ ಡಬ್ಬಿಯಲ್ಲಿಡಬೇಕು. ಎಲೆ ಅಡಿಕೆ ಡಬ್ಬಿಗೆ ದಬ್ಬಣದಿಂದ ತೂತು ಹೊಡೆದುಕೊಟ್ಟ. ಅಷ್ಟಕ್ಕೇ ಬಿಟ್ಟನೇ? ಕಂಡಲ್ಲೆಲ್ಲ ಕೂಗುತ್ತಿದ್ದ: "ಅಳಿಯಾ, ಹಲ್ಲು ತೊಳದಿ?" ಸ್ವಲ್ಪ ದಿನಕ್ಕೆ ಬಾಳೆಹಣ್ಣಿನವಳೂ ಕೇಳತೊಡಗಿದಳು. ನಾನು ಹಿಂದಿನ ಓಣಿಯಿಂದ ಕಾಲೇಜಿಗೆ ಹೋಗತೊಡಗಿದೆ.

ಕಲ್ಯಾಣದ ಮೈದಾನಕ್ಕೂ ಮಾಮ ಬಂದಿದ್ದ. ಕವಚ ಬರುವ ಮುಂಚಿನ ಪಂದ್ಯದಲ್ಲಿ ಒಬ್ಬರನ್ನೂ ಮುಟ್ಟದೆ ಬಂದಿದ್ದೆ. ಇವತ್ತೂ ಹಾಗೇ ಆದರೆ ತಂಡದಲ್ಲಿ ಜಾಗವಿಲ್ಲ ಎಂದಿದ್ದ ಕ್ಯಾಪ್ಟನ್. ಕವಚ ಹಾಕಿ, ಗೆರೆ ದಾಟಿ, "ಕಬಡ್ಡಿ ಕಬಡ್ಡಿ" ಎಂದೆ. ಹೊರಬಂದದ್ದು "ಅವವ್ವಿ ಅವವ್ವಿ".

ಸೀಟಿ ಮೊಳಗಿತು. "ಕಬಡ್ಡಿ ಅನ್ನೋದೇ ಕೇಳವಲ್ದು. ಔಟ್," ಎಂದರು ಅಂಪೈರ್.

ಅಷ್ಟೆಲ್ಲ ಚಿಂತಿಸಿದವನಿಗೆ ಇದೊಂದು ಹೊಳೆದಿರಲಿಲ್ಲ ನೋಡಿ.

"ಹಾಲು ಕುಡಿಯೋ ಕೂಸಿಗಿ ಯಾರ್ ಕಳಿಸ್ಯಾರೋ?" ಎಂದ ಜನರಲ್ಲೊಬ್ಬ. ಮೈದಾನವೆಲ್ಲ ನಕ್ಕಿತು. ನಾನು ಅಂಗಣದ ಹೊರಗೆ ತಲೆ ತಗ್ಗಿಸಿ ಕುಳಿತೆ. ಸಾಲದ್ದಕ್ಕೆ ಮಾಮ ಜನರನ್ನು ಸರಿಸಿಕೊಂಡು ಬಂದು ಅಂಗೈ ಚಾಚಿದ.

"ಉಗುಳು."

ಅಷ್ಟೂ ಜನರೆದುರು ಉಗುಳಿದೆ. ಅವನ ಅಂಗೈಯಲ್ಲಿ ಆ ರಬ್ಬರ್ ಅಂಗಾತ ಬಿದ್ದಿತ್ತು. ಸುತ್ತಲೂ ಹಲ್ಲಿನ ಕುಳಿ. ಮುಂದೆ ಎರಡು ಹಲ್ಲಿನ ಜಾಗದಲ್ಲಿ ಮಾತ್ರ ಕುಳಿಯಿಲ್ಲ, ಉಬ್ಬು; ದಿನಾ ತೊಳೆಯುವಾಗ ಯಾಕೆಂದು ಯೋಚಿಸಿರಲಿಲ್ಲ.

"ಮಾಮಾ, ಇಲ್ಲಿ?"

ಅವನು ಎಂದಿನಂತೆ ಬಾಯಿಗೆ ಅಡ್ಡ ಹಿಡಿದಿದ್ದ ಟವಲ್ ಇಳಿಸಿದ. ಅಷ್ಟು ವರ್ಷ ಅದು ಎಲೆ ಅಡಿಕೆಯ ಕಲೆಗೆ ನಾಚಿಕೆ ಎಂದುಕೊಂಡಿದ್ದೆ. ಮೀಸೆಯ ಕೆಳಗೆ ಎರಡು ಹಲ್ಲಿನ ಅಗಲದ ಕತ್ತಲೆಯಿತ್ತು.

"ನಾನೂ ಆಡ್ತಿದ್ದೆನೋ. ಒಬ್ಬಾಂವನ ಮೊಣಕಾಲು ಬಡೀತು. ನಮ್ಮ ಮದವಿ ಫೋಟೋ ನೋಡು, ನಾ ಒಬ್ಬಾಂವನೇ ಅತ್ಲಾಗ ಮುಖ ಮಾಡೀನಿ." ಕವಚವನ್ನು ಕಿಸೆಗೆ ಹಾಕಿಕೊಂಡ. "ನಿನ್ನ ಪಾಳಿ ಬಂದ್ರ ಜೋರಾಗಿ ಕೂಗು."

ಬಂತು, ನಮ್ಮವರು ಎದುರಾಳಿಯೊಬ್ಬನನ್ನು ಔಟ್ ಮಾಡಿ ನನ್ನನ್ನು ಒಳಗೆ ಕರೆದಾಗ. ಕಲ್ಯಾಣಕ್ಕೆಲ್ಲ ಕೇಳುವಂತೆ ಕೂಗಿದೆ. ಇಬ್ಬರನ್ನು ಮುಟ್ಟಿ ಬಂದೆ. ಪಂದ್ಯ ಗೆದ್ದೆವೆಂದರೆ ಸುಳ್ಳಾದೀತು, ಆದರೆ ತಂಡದಲ್ಲಿ ಉಳಿದೆ.

ಏನನ್ನೂ ನುಂಗಲಿಲ್ಲ. ಯಾರ ಮೊಣಕಾಲನ್ನೂ ಕಚ್ಚಲಿಲ್ಲ. ಹಲ್ಲು ಇಂದಿಗೂ ಇದ್ದಲ್ಲೇ ಇವೆ. ಆಗಿದ್ದು ಇಷ್ಟೇ: ನಾನು ಗೆರೆ ದಾಟಿ ಮರಳಿದಾಗ ಮಾಮ ಬೀಸಿದ ಟವಲ್ ಜನರ ಕಾಲ ಕೆಳಗೆ ಎಲ್ಲೋ ಹೋಯಿತು. ಹುಮನಾಬಾದಿನವರೆಗೂ ಬಸ್ಸಿನಲ್ಲಿ ಹುಡುಗರು "ಅವವ್ವಿ ಅವವ್ವಿ" ಎಂದು ನನ್ನನ್ನು ಅಣಕಿಸಿದರು; ಅಡ್ಡ ಹಿಡಿಯಲು ಏನೂ ಇಲ್ಲದ ಮಾಮ ಬಾಯಿ ತುಂಬ ನಗುತ್ತಲೇ ಬಂದ.