ಎಡೆಯ ಮುಂದೆ ಜೀಪು

ಅಣ್ಣನ ತಿಥಿಯ ದಿನ ಜೀಪನ್ನು ಸಮಾಧಿಯ ಬಳಿಗೆ ಒಯ್ಯಬೇಕೆಂದು ಮುನಿಯಲ್ಲಪ್ಪನಿಗೆ ಯಾರೂ ಹೇಳಿರಲಿಲ್ಲ. ಹೊಸೂರಿನ ಬಳಿಯ ತಳಿ ಸೀಮೆಯ ಚಳಿಯಲ್ಲಿ ಬೋಳಿಸಿದ ತಲೆಗೆ ಟವಲು ಸುತ್ತಿಕೊಂಡು, ಅಣ್ಣನದೇ ಹಳೆಯ ಪಂಚೆಯೊಂದನ್ನು ಹರಿದು ಸೀಮೆಎಣ್ಣೆಯಲ್ಲಿ ಅದ್ದಿ, ಅವನು ಬೆಳಗಾಗುವ ಮುಂಚೆಯೇ ಜೀಪನ್ನು ಉಜ್ಜಲು ಕುಳಿತಿದ್ದ. ಅಡುಗೆಗೆಂದು ಸೌದೆ ಹೊತ್ತು ಬಂದ ಸೋದರತ್ತೆ ಪಿಳ್ಳಮ್ಮ ಹೊರೆಯನ್ನು ಇಳಿಸುವುದನ್ನೂ ಮರೆತು ನಿಂತಳು.

“ಏನ್ಲಾ ಮುನಿಯಲ್ಲ, ಇವತ್ತು ತಿತಿ ನಿಮ್ಮಣ್ಣಂದೋ, ಜೀಪಿಂದೋ?”

“ಅಣ್ಣ ಇದನ್ನ ನೋಡ್ನೇ ಇಲ್ವಲ್ಲ ಅತ್ತೆ. ಒಂದ್ ಸತಿ ನೋಡ್ಲಿ ಅಂತ.”

ಪಿಳ್ಳಮ್ಮ ಹೊರೆಯನ್ನು ಸರಿಮಾಡಿಕೊಂಡು ಒಲೆಯ ಕಡೆ ನಡೆದಳು.

ಅದು ಅಮೆರಿಕದ ವಿಲ್ಲಿಸ್ ಜೀಪು. ಮಹಾಯುದ್ಧದ ಕಾಲದಲ್ಲಿ ಹಡಗಿನಲ್ಲಿ ಬಂದು, ಯುದ್ಧ ಮುಗಿದ ಮೇಲೆ ಮನೆಯ ದಾರಿ ಮರೆತ ಸಿಪಾಯಿಯಂತೆ ಇಲ್ಲಿಯೇ ಉಳಿದುಬಿಟ್ಟಿದ್ದು. ದೊರೆಯೊಬ್ಬನ ಹಾಳು ಬಂಗಲೆಯ ಹಿಂದೆ ಕೋಳಿಗಳು ಮೊಟ್ಟೆಯಿಡುವ ಗೂಡಾಗಿ ಕುಸಿದಿದ್ದ ಅದನ್ನು ಅಣ್ಣ ರಾಮಾಂಜಿನಪ್ಪ ಎತ್ತು ಕಟ್ಟಿ ಎಳೆಸಿಕೊಂಡು ಬಂದಾಗ ಇಡೀ ಊರು ಬೀದಿಗೆ ಬಂದು ನಕ್ಕಿತ್ತು. ಅಣ್ಣತಮ್ಮಂದಿರು ನಗುವವರ ಕಡೆ ತಿರುಗಿ ನೋಡಲಿಲ್ಲ. ಕೋಸು ಮಾರಲು ಬೆಂಗಳೂರಿಗೆ ಹೋದಾಗಲೆಲ್ಲ ಗುಜರಿ ಅಂಗಡಿಗಳಲ್ಲಿ ಕೆದಕಿ ಒಂದು ಬೋಲ್ಟು, ಒಂದು ಲಿವರು, ಒಂದು ಮೀಟರಿನ ಗಾಜು ಹೀಗೆ ತಂದು ಕೂಡಿಸಿದರು. ವರ್ಷಗಳು ಉರುಳಿದವು. ಮುನಿಯಲ್ಲಪ್ಪನಿಗೆ ಹೆಣ್ಣು ನೋಡಬೇಕೆಂಬ ಮಾತು ಬಂದು, ಹಳಸಿ, ತಾನಾಗಿಯೇ ಅಡಗಿತು. ಒಂದು ದಿನ ಆ ಎಂಜಿನ್ನು ಕೆಮ್ಮಿ, ಗೊರಗುಟ್ಟಿ, ಆಮೇಲೆ ಬಹುಕಾಲ ಮೂಕನಾಗಿದ್ದವನು ಹಾಡತೊಡಗಿದಂತೆ ಹೊರಟಿತು. ಮಳೆಗಾಲದಲ್ಲಿ ಬಸ್ಸು ಹೂತುಕೊಂಡ ಕೆಸರನ್ನು ಅದು ನಾಲ್ಕೂ ಚಕ್ರ ಊರಿ ದಾಟುವಾಗ, ನಕ್ಕವರೇ ಅದರ ಹಿಂಬದಿಯಲ್ಲಿ ಮೊದಲು ಹತ್ತಿ ಕುಳಿತಿರುತ್ತಿದ್ದರು.

ಅಣ್ಣತಮ್ಮಂದಿರ ನಡುವೆ ಇದ್ದುದು ಒಂದೇ ಜಗಳ. ಅಮೆರಿಕದವನು ಕಳುಹಿಸಿದ ಹಾಗೆಯೇ, ಮಂಕು ಹಸಿರು ಬಣ್ಣದಲ್ಲೇ ಇರಬೇಕೆಂಬುದು ಅಣ್ಣನ ಹಟ. ಥಳಥಳಿಸಬೇಕೆಂಬುದು ತಮ್ಮನ ಆಸೆ. ಹೊಸೂರಿನಲ್ಲಿ ಕಾರ್ಖಾನೆಗಳು ಎದ್ದು, ಅವುಗಳ ಬೆನ್ನಿಗೇ ನಿಕ್ಕಲ್ ಹೊಳಪು ಕೊಡುವ ಅಂಗಡಿಗಳು ಹುಟ್ಟಿಕೊಂಡ ಮೇಲೆ ಆ ಆಸೆಗೆ ರೆಕ್ಕೆ ಬಂತು. ಕೊನೆಗೆ ಹಾಸಿಗೆ ಹಿಡಿದ ಅಣ್ಣನೇ ಕರೆದು, “ಮಾಡ್ಸ್ಕಳ್ಲಾ ನಿನ್ ಥಳಕ್ನ. ನಾನ್ ಕಣ್ಮುಚ್ಚೋದ್ರಾಗೆ ಒಂದ್ ಸತಿ ನೋಡ್ತೀನಿ” ಅಂದಿದ್ದ. ಮುಂಭಾಗದ ಜಾಲರಿ, ಬಂಪರು, ಚಕ್ರದ ಬಟ್ಟಲುಗಳೆಲ್ಲ ಹೊಸೂರಿಗೆ ಹೋದವು. ಹೊಳಪು ಹೊತ್ತು ಅವು ಮರಳಿದ್ದು ಅಣ್ಣನನ್ನು ಮಣ್ಣಿಗಿಟ್ಟ ಮಾರನೆಯ ದಿನ.

ಆದ್ದರಿಂದಲೇ ಈ ದಿನ, ಎಲ್ಲವನ್ನೂ ಜೋಡಿಸಿ, ಬಾನೆಟ್ಟಿನ ಎರಡೂ ಬದಿಗೆ ಲಾರಿಗಳಿಗಿರುವಂಥ ಕನ್ನಡಿಗಳನ್ನು ನಿಲ್ಲಿಸಿ, ಹೊಲದ ಅಂಚಿನ ಹೊಂಗೆ ಮರದ ಬಳಿ, ಅಣ್ಣನ ಮಣ್ಣಿನ ದಿಬ್ಬಕ್ಕೆ ನೇರ ಎದುರಾಗಿ ಮುನಿಯಲ್ಲಪ್ಪ ಜೀಪನ್ನು ನಿಲ್ಲಿಸಿದ.

ಮಧ್ಯಾಹ್ನಕ್ಕೆ ಎಡೆ ಬಿತ್ತು. ಬಾಳೆಯೆಲೆಯ ಮೇಲೆ ಮುದ್ದೆ, ಅವರೆಕಾಳಿನ ಸಾರು, ವಡೆ, ಪಕ್ಕದಲ್ಲಿ ಒಂದು ಕಟ್ಟು ಬೀಡಿ. ಕಾಗೆ ಮುಟ್ಟುವವರೆಗೆ ಯಾರೂ ಉಣ್ಣುವಂತಿಲ್ಲ. ಜನರೆಲ್ಲ ಹಿಂದೆ ಸರಿದು ಮುಖ ಮೇಲೆತ್ತಿ ನಿಂತರು.

ಕಾಗೆ ಬಂತು. ಹೊಂಗೆಯ ಕೊಂಬೆಯಲ್ಲಿ ಕುಳಿತು, ತೀರ್ಪು ಹೇಳಲಿರುವ ಮುನಸೀಪನಂತೆ ಕತ್ತು ಓರೆ ಮಾಡಿ ಕೆಳಗೆ ನೋಡಿತು. ಬೆಚ್ಚಿದಂತೆ ರೆಕ್ಕೆ ಬಡಿದು ಹೊರಟುಹೋಯಿತು. ಇನ್ನೊಂದು ಬಂತು. ಅದೂ ಹೋಯಿತು.

“ಅವ್ನಿಗೇನೋ ಆಸೆ ಉಳ್ಕಂಡೈತೆ ಕಣ್ಲಾ,” ಎಂದಳು ಪಿಳ್ಳಮ್ಮ. ಇಂಥ ಹೊತ್ತಿನಲ್ಲಿ ಸತ್ತವರ ಮನಸ್ಸನ್ನು ಬಿಡಿಸಿ ಹೇಳುವುದು ಆ ಊರಿನಲ್ಲಿ ಅವಳದೇ ಕೆಲಸ. “ಅತ್ಗೇನ ತಾಯಂಗೆ ನೋಡ್ಕಂತೀನಿ ಅಂತ ಬಾಯ್ಬುಟ್ಟು ಹೇಳು.”

“ನೋಡ್ಕಂತೀನಣ್ಣಾ,” ಎಂದ ಮುನಿಯಲ್ಲಪ್ಪ. ಕಾಗೆ ಕೊಂಬೆ ಬದಲಾಯಿಸಿತೇ ಹೊರತು ಇಳಿಯಲಿಲ್ಲ.

ಪಕ್ಕದ ಹೊಲದ ಸೊಣ್ಣಪ್ಪ ಹೊಸೂರಿನ ಮೋಟಾರು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವನು. ಅವನು ಚಡಪಡಿಸತೊಡಗಿದ್ದ. “ಏನಾರಾ ಒಪ್ಕಳಣ್ಣೋ ಬಿರ್ನೆ. ನಂದು ಎಲ್ಡನೇ ಶಿಫ್ಟು. ಬಸ್ಸು ತಪ್ಪಿದ್ರೆ ಸೂಪರ್‌ವೈಜರು ನನ್ ತಿತೀನೂ ಮಾಡ್ಬುಡ್ತಾನೆ.”

“ಅಷ್ಟ್ ಅವಸರ ಇದ್ರೆ ನೀನೇ ಹೇಳ್ಲಾ,” ಎಂದು ಪಿಳ್ಳಮ್ಮ ತಿರುಗಿಬಿದ್ದಳು. “ಅವನ ಹೊಲದ ಕಡೀಕೆ ಬೇಲಿ ಒತ್ತಿ ಹಾಕಿದ್ದೀಯಲ್ಲ, ಹಿಂದಕ್ಕೆ ತಕ್ಕಂತೀನಿ ಅನ್ನು, ನೋಡಾಣ.”

ಸೊಣ್ಣಪ್ಪ ಹೊಟ್ಟೆ ಸವರಿಕೊಂಡು ಯೋಚಿಸಿದ. “ನಂಗೇನ್ ಅಂತಾ ಹಸಿವಿಲ್ಲ ಬುಡಮ್ಮೋ.”

ಮಿಕ್ಕವರಿಗೆ ಹಸಿವಿತ್ತು. ಮನೆಯೊಳಗೆ ಕಟ್ಟಿಟ್ಟ ಮುದ್ದೆಗಳು ಆರಿ ಗುಂಡುಕಲ್ಲಾಗುತ್ತಿದ್ದವು. ಸಾರಿನ ವಾಸನೆ ಮಾತ್ರ ಬಿಸಿಯಾಗಿಯೇ ಹೊಲದವರೆಗೆ ನಡೆದು ಬರುತ್ತಿತ್ತು. ಹಸಿದವರ ಕರುಣೆಗೆ ಮಿತಿಯಿಲ್ಲ. ಪ್ರತಿಯೊಬ್ಬರೂ ಮುನಿಯಲ್ಲಪ್ಪನ ಪರವಾಗಿ ಒಂದೊಂದು ವಚನವನ್ನು ಎತ್ತಿಕೊಟ್ಟರು. ಅವನು ಬೀಡಿ ಬಿಡುತ್ತೇನೆಂದ. ತಿರುಪತಿಗೆ ನಡೆದು ಹೋಗುತ್ತೇನೆಂದ.

“ನೀನು ಒಂಟಿಯಾಗಿ ಉಳ್ದೆ ಅನ್ನೋ ಕೊರಗು ಕಣ್ಲಾ ಅವನ್ಗೆ,” ಎಂದಳು ಪಿಳ್ಳಮ್ಮ. “ಮದ್ವೆ ಆಯ್ತೀನಿ ಅನ್ನು.”

ಬೋಳುತಲೆಯನ್ನು ಟವಲಿನಿಂದ ಒರೆಸಿಕೊಂಡು, ನಲವತ್ತು ದಾಟಿದ ಮುನಿಯಲ್ಲಪ್ಪ ಕಣ್ಣು ಮುಚ್ಚಿ, “ಅಣ್ಣಾ, ಮದ್ವೆ ಆಯ್ತೀನಿ,” ಎಂದ. ಮರದಲ್ಲಿದ್ದ ಕಾಗೆಗಳು ಒಮ್ಮೆಲೇ ಕಾ ಎಂದು ಕೂಗಿ, ರಾಗಿ ಬಣವೆಯನ್ನು ದಾಟಿ ಕಣ್ಮರೆಯಾದವು.

“ಅವ್ಕೂ ನಂಬ್ಕೆ ಬರ್ಲಿಲ್ಲ,” ಎಂದ ಸೊಣ್ಣಪ್ಪ.

ಯಾರೋ ನಕ್ಕರು, ನಕ್ಕು ನಾಚಿಕೊಂಡರು. ಮುನಿಯಲ್ಲಪ್ಪ ಮಾತ್ರ ಒಳಗೊಳಗೇ ಕುಗ್ಗುತ್ತಿದ್ದ. ಅಣ್ಣನ ಮುನಿಸು ಯಾವುದರ ಮೇಲೆಂದು ಅವನಿಗೆ ಹೊಳೆಯತೊಡಗಿತ್ತು. ಇದು ಅಣ್ಣನ ಜೀಪಲ್ಲ. ಅಣ್ಣನದು ಕಾಡಿನ ನೆರಳಿನಂಥ ಹಸಿರು. ಇದು ಜಾತ್ರೆಯ ಹಲ್ಲುಕಿಸಿತ. ಅವನು ದಿಬ್ಬದ ಬಳಿ ಮಂಡಿಯೂರಿ, ಬೇರೆಯವರಿಗೆ ಕೇಳದಂತೆ ಪಿಸುಗುಟ್ಟಿದ: “ಎಲ್ಲಾ ಕಿತ್ತಾಕ್ತೀನಣ್ಣಾ. ಮುಂಚಿನಂಗೆ ಹಸ್ರೇ ಬಳಿಸ್ತೀನಿ. ಬಾರಣ್ಣಾ.”

ಆಕಾಶ ಖಾಲಿಯಾಗಿಯೇ ಇತ್ತು. ಅಷ್ಟು ದೊಡ್ಡ ನೀಲಿಯಲ್ಲಿ ಒಂದು ಕಪ್ಪು ಚುಕ್ಕೆಗಾಗಿ ಮನುಷ್ಯ ಹೀಗೆ ಅಂಗಲಾಚಬೇಕಾಗಿ ಬರುತ್ತದೆಂದು ಅವನು ಎಂದೂ ನೆನೆದಿರಲಿಲ್ಲ.

ಆಗ ಮುಂದೆ ಬಂದವನು ಬಾಗಲೂರಿನ ಬಚ್ಚಪ್ಪ, ಅತ್ತಿಗೆ ನಾರಾಯಣಮ್ಮನ ತಮ್ಮ. ಅಕ್ಕನ ಮನೆಗೆ ಬಂದಾಗಲೆಲ್ಲ ಮೊದಲು ಜೀಪಿನ ಟೈರು ಒತ್ತಿ ನೋಡಿ ಆಮೇಲೆ ಅಕ್ಕನ ಕ್ಷೇಮ ಕೇಳುವವನು.

“ಹೇಳ್ಬಾರ್ದು ಅಂತಿದ್ದೆ,” ಎಂದು ಗಂಟಲು ಸರಿಮಾಡಿಕೊಂಡ. “ಭಾವ ಒಂದ್ ಸತಿ ಅಂದಿದ್ರು. ನನ್ ತರುವಾಯ ಈ ಜೀಪು ನಿಂಗೇ ಕಣೋ ಬಚ್ಚ, ಅಂತ.”

“ಯಾವತ್ತು?” ಎಂದ ಮುನಿಯಲ್ಲಪ್ಪ.

“ಅವತ್ತು. ನೀನಿರ್ಲಿಲ್ಲ.”

“ನಾನ್ ಅಣ್ಣನ್ನ ಬುಟ್ಟು ಯಾವತ್ತಿದ್ದೆ?”

“ಅವತ್ತೇ ಇರ್ಲಿಲ್ಲ,” ಎಂದ ಬಚ್ಚಪ್ಪ ಶಾಂತನಾಗಿ.

ಹಸಿದ ಸಭೆ ಸಾಕ್ಷಿ ಕೇಳಲಿಲ್ಲ. “ಕೊಟ್ಬುಡಣ್ಣೋ, ಕಬ್ಬಿಣದ ಡಬ್ಬ ಅದು!” ಎಂದ ಸೊಣ್ಣಪ್ಪ. ಬೇಲಿಯ ಮಾತು ಮರೆತುಹೋದದ್ದರಲ್ಲಿ ಅವನಿಗೆ ಉತ್ಸಾಹ ಮರಳಿತ್ತು. “ಸತ್ತೋನ ಮಾತು ಕಣ್ಲಾ, ಮೀರ್ಬಾರ್ದು,” ಎಂದಳು ಪಿಳ್ಳಮ್ಮ.

ಮುನಿಯಲ್ಲಪ್ಪ ಬಾನೆಟ್ಟಿನ ಮೇಲೆ ಅಂಗೈ ಇಟ್ಟು ನಿಂತ. ಬಿಸಿಲಿಗೆ ಅದು ಜ್ವರ ಬಂದ ಹಣೆಯಂತೆ ಕಾದಿತ್ತು. ಅಣ್ಣನ ಕೈ ಮುಟ್ಟದ ಒಂದು ತಿರುಪೂ ಇದರಲ್ಲಿ ಇಲ್ಲ. ಇದನ್ನು ಕೊಟ್ಟರೆ ಅಣ್ಣ ಇನ್ನೊಮ್ಮೆ ಸತ್ತಂತೆ. ಇಲ್ಲವೆಂದು ಹೇಳಲು ಅವನು ಬಾಯಿ ತೆರೆದ.

ಬೆಳಗಿನಿಂದ ಒಂದು ಗುಟುಕು ನೀರನ್ನೂ ಮುಟ್ಟದೆ ದಿಬ್ಬದ ಪಕ್ಕದಲ್ಲಿ ಕುಳಿತಿದ್ದ ನಾರಾಯಣಮ್ಮ ಆಗ ತಲೆಯೆತ್ತಿದಳು. ಅವಳು ತಮ್ಮನ ಪರವಾಗಿಯೂ ಆಡಲಿಲ್ಲ, ಜೀಪಿನ ಮಾತನ್ನೂ ಎತ್ತಲಿಲ್ಲ.

“ಅವ್ರು ಹಸ್ಕಂಡು ಯಾವತ್ತೂ ಮಲಗ್ದೋರಲ್ಲ, ಮುನಿಯಲ್ಲಪ್ಪ,” ಎಂದಳು ಅಷ್ಟೆ.

“ಕೊಟ್ಟೆ,” ಎಂದ ಮುನಿಯಲ್ಲಪ್ಪ. “ಅಣ್ಣಾ, ಜೀಪು ಬಚ್ಚಪ್ಪನಿಗೆ ಕೊಟ್ಟೆ.”

ಕೈಗೆ ಕೈ ತಾಗಿಸಿ ಒಪ್ಪಿಸೋಣವೆಂದರೆ ಅದಕ್ಕೆ ಬೀಗದ ಕೈಯೂ ಇರಲಿಲ್ಲ. ಸ್ವಿಚ್ಚು ತಿರುಗಿಸಿ ಸ್ಟಾರ್ಟರು ತುಳಿದರೆ ಯಾರ ಕಾಲಿಗಾದರೂ ಹೊರಡುವ ಗಾಡಿ. ಬಚ್ಚಪ್ಪ ಆಮೇಲೆ ಮಾತು ಬದಲಾದೀತೆಂದು ಹೆದರಿ ಆಗಲೇ ಹಾರಿ ಬಲಗಡೆ ಕುಳಿತು, ಇಲ್ಲದ ಸ್ಟೀರಿಂಗಿಗಾಗಿ ಗಾಳಿಯಲ್ಲಿ ತಡಕಾಡಿದ.

“ಅಮೆರಿಕದ್ದು, ಎಡಕ್ಕೈತೆ,” ಎಂದು ಮುನಿಯಲ್ಲಪ್ಪನೇ ತೋರಿಸಬೇಕಾಯಿತು.

“ಒಂದ್ ಸುತ್ತು ಹೋಗ್ಬತ್ತೀನಿ,” ಎಂದು ಬಚ್ಚಪ್ಪ ಹೊರಟ. ಜೀಪು ಬದುವನ್ನು ಹತ್ತಿ ಇಳಿದು, ಹೊಂಗೆಯ ಆಚೆ ಮರೆಯಾಯಿತೋ ಇಲ್ಲವೋ, ಬಣವೆಯ ಕಡೆಯಿಂದ ಒಂದು ಕಾಗೆ, ಅದರ ಹಿಂದೆ ಇನ್ನೊಂದು, ಆಮೇಲೆ ಒಂದು ಸಂಸಾರವೇ ಹಾರಿ ಬಂದು ಎಲೆಯ ಮೇಲೆ ಇಳಿಯಿತು. ವಡೆಗೆ ಕಿತ್ತಾಟ ನಡೆಯಿತು.

“ಮುಟ್ತು! ಮುಟ್ತು!” ಎಂದು ಕೂಗಿದ ಜನ ದಿಬ್ಬಕ್ಕೆ ಒಂದು ಕೈಮುಗಿದು, ಎರಡೂ ಕಾಲಿನಲ್ಲಿ ಮನೆಯತ್ತ ಓಡಿದರು. ಸೊಣ್ಣಪ್ಪ ಎಲ್ಲರಿಗಿಂತ ಮುಂದಿದ್ದ.

ಅಲ್ಲಿ ಉಳಿದವರು ಮುನಿಯಲ್ಲಪ್ಪ ಮತ್ತು ಅತ್ತಿಗೆ. ಅತ್ತಿಗೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದಳು. ಮುನಿಯಲ್ಲಪ್ಪ ಮುದ್ದೆ ಕುಕ್ಕುತ್ತಿದ್ದ ಒಂದು ಮುದಿ ಕಾಗೆಯನ್ನು, ಗುರುತು ಸಿಕ್ಕೀತೆಂಬಂತೆ, ನೋಡುತ್ತ ನಿಂತ.

ಅಷ್ಟರಲ್ಲಿ ದೂರದ ತಳಿ ರಸ್ತೆಯ ತಿರುವಿನಲ್ಲಿ ಜೀಪು ಇತ್ತ ಮುಖ ಮಾಡಿತು. ಸೂರ್ಯ ಅದರ ನಿಕ್ಕಲ್ಲಿಗೆ ಬಿದ್ದ. ಬೆಳಕಿನ ಒಂದು ತುಂಡು ಸಿಡಿದು, ಹೊಲದ ಮೇಲೆ ಓಡಿ ಬಂದು, ಎಡೆಯ ಮೇಲೆ ಛಟ್ಟೆಂದು ಬಿತ್ತು. ಕಾಗೆಗಳೆಲ್ಲ ಒಂದೇ ಏಟಿಗೆ ಮೇಲೆದ್ದವು. ಜೀಪು ತಿರುಗಿತು, ಬೆಳಕು ಸತ್ತಿತು, ಕಾಗೆಗಳು ಮತ್ತೆ ಇಳಿದು ಉಣ್ಣತೊಡಗಿದವು. ಇನ್ನೊಂದು ತಿರುವು, ಇನ್ನೊಂದು ಮಿಂಚು. ಎದ್ದವು. ಇಳಿದವು.

ಮುನಿಯಲ್ಲಪ್ಪ ಕದಲದೆ ನಿಂತ. ರಾಗಿ ತೆನೆ ಕಟ್ಟಿದಾಗ ಹಕ್ಕಿ ಬೆದರಲೆಂದು ಇದೇ ಹೊಲದಲ್ಲಿ ಹೊಳೆವ ತಗಡು ಕಟ್ಟಿದವನು ಅವನೇ. ಅಲ್ಲಿ ನೆರೆದಿದ್ದವರಲ್ಲಿ ತಗಡು ಕಟ್ಟದ ರೈತನೇ ಇರಲಿಲ್ಲ.

ಓಡಿ ಹೋಗಿ ಎಲ್ಲರನ್ನೂ ಕೂಗಿ ಹೇಳಬೇಕೆನಿಸಿತು. ಅಣ್ಣ ಏನನ್ನೂ ಕೇಳಿರಲಿಲ್ಲ, ಜೀಪು ನನ್ನದೇ, ಎಂದು. ಅವನು ತಿರುಗಿದ. ಅತ್ತಿಗೆ ಸೆರಗು ಸರಿಸಿದಳು. ಹನ್ನೊಂದು ದಿನಗಳಲ್ಲಿ ಮೊದಲ ಬಾರಿಗೆ ಆ ಮುಖದಲ್ಲಿ ನಗುವಿನಂಥದೊಂದು ಬಂದು ನಿಂತಿತ್ತು.

“ನೋಡ್ದಾ ಮುನಿಯಲ್ಲಪ್ಪ? ನಿನ್ ಮಾತು ಕೇಳಿಸ್ಕಂಡ್ರು. ಇಲ್ಲೇ ಎಲ್ಲೋ ಅವ್ರೆ.”

ಜೀಪು ತನ್ನದೆನ್ನಬೇಕಾದರೆ ಅಣ್ಣ ಬರಲೇ ಇಲ್ಲವೆನ್ನಬೇಕು. ಮುನಿಯಲ್ಲಪ್ಪ ಬಾಯಿಗೆ ಬಂದದ್ದನ್ನು ನುಂಗಿಕೊಂಡ.

“ಊಂ ಅತ್ಗೆ. ಉಂಡ್ರು. ನೀವೂ ಏಳಿ, ಒಸಿ ಉಣ್ಣಿ.”

ಎಲ್ಲರೂ ಉಂಡಾದ ಮೇಲೆ, ಕೊನೆಯ ಪಂಕ್ತಿಯಲ್ಲಿ ಅವನು ಕುಳಿತಾಗ ಬಚ್ಚಪ್ಪ ಬಂದ. ಜೀಪನ್ನು ರಸ್ತೆಯ ಹುಣಸೆಮರದ ನೆರಳಿಗೆ ಬಿಟ್ಟು ನಡೆದು ಬಂದಿದ್ದ. ಕಾಗೆ ಮುಟ್ಟಿದ ಸುದ್ದಿ ಕೇಳಿ ಅವನಿಗೆ ನಿಜವಾಗಿಯೇ ಅಳು ಬಂದುಬಿಟ್ಟಿತ್ತು. ತಾನು ಹೇಳಿದ ಸುಳ್ಳನ್ನು ಸತ್ತ ಭಾವನೇ ಬಂದು ನಿಜ ಮಾಡಿದ್ದನಲ್ಲ!

“ಮುನಿಯಣ್ಣ,” ಎಂದು ಎಲ್ಲರಿಗೂ ಕೇಳುವಂತೆ ಹೇಳಿದ, “ನಾನೂ ಋಣ ಮರೆಯೋನಲ್ಲ. ವರ್ಸ ವರ್ಸಾನೂ ಭಾವನ ಎಡೆ ದಿನ ಜೀಪ್ನ ತೊಳ್ದು, ಇದಕ್ಕಿಂತ ಥಳಥಳಾ ಅನ್ನಂಗೆ ಉಜ್ಜಿ, ತಂದು ಅಲ್ಲೇ ನಿಲ್ಲುಸ್ತೀನಿ. ಅದೇ ಜಾಗ್ದಾಗೆ. ಭಾವ ಕಣ್ತುಂಬ ನೋಡ್ಲಿ.”

“ದೊಡ್ ಮಾತು ಅಂದೆ ಕಣಪ್ಪ,” ಎಂದು ಪಿಳ್ಳಮ್ಮ ಕಣ್ಣೊರೆಸಿಕೊಂಡಳು. ನಾರಾಯಣಮ್ಮ ಕೈಮುಗಿದಳು. ಊರೆಲ್ಲ ತಲೆದೂಗಿತು.

ಮುನಿಯಲ್ಲಪ್ಪ ಮುರಿದ ತುತ್ತನ್ನು ಕೈಯಲ್ಲಿ ಹಿಡಿದೇ ಮೆಲ್ಲನೆ ಸುತ್ತ ನೋಡಿದ. ಕೊಟ್ಟಿಗೆಯಲ್ಲಿ ಕೆಂದಹಸು ಮೆಲುಕು ಹಾಕುತ್ತಿತ್ತು. ಅದರಾಚೆ ಬಾವಿ, ಬಾವಿಯಾಚೆ ಕೋಸಿನ ಮಡಿಗಳು, ತಲೆಯ ಮೇಲೆ ಅಪ್ಪ ಹೊದಿಸಿದ ಹೆಂಚು. ಬರುವ ವರ್ಷ ಅಣ್ಣ ಇವುಗಳಲ್ಲಿ ಯಾವುದನ್ನು ಕೇಳುವನೋ ತಿಳಿಯದೆ, ಅವನು ಒಂದೊಂದನ್ನೂ ಮನಸ್ಸಿನಲ್ಲೇ ಬೀಳ್ಕೊಡತೊಡಗಿದ.